ಓಡಿದ್ರೆ ಮೇನಿಯಾ, ತೇಲಿದ್ರೆ ಡಿಪ್ರೆಷನ್

ಬೈಪೋಲಾರ್ ಕಾಯಿಲೆಯಲ್ಲಿ ಮನಸ್ಸು ಒಮ್ಮೆ ಮೇನಿಯಾ ಅಂತ ವಿಪರೀತ ಮೇಲಕ್ಕೆ ಹಾರುತ್ತೆ, ಒಮ್ಮೆ ಡಿಪ್ರೆಷನ್ ಅಂತ ಕೆಳಕ್ಕೆ ಬೀಳುತ್ತೆ, ಇದನ್ನ ಲ್ಯಾಬಲ್ಲಿ ಇಲಿಗಳಲ್ಲಿ ತೋರಿಸೋಕೆ ನೋಡ್ತಾರೆ. ಮನುಷ್ಯನಿಗೆ ಮೇನಿಯಾ ಅಂತ ಬರೆದುಕೊಡೋಕೆ ಡಾಕ್ಟರು ಎಷ್ಟು ಸತಾಯಿಸ್ತಾರೆ ಗೊತ್ತಾ, ಸಾಮಾನ್ಯವಾಗಿ ಒಂದು ವಾರನಾದ್ರೂ ಇರ್ಬೇಕು, ನಿದ್ದೆ ಬೇಡ ಅನ್ನಿಸ್ಬೇಕು, ಮಾತು ನಿಲ್ಲಬಾರ್ದು, ನನ್ನಂಥೋನು ಇನ್ನೊಬ್ಬ ಇಲ್ಲ ಅನ್ನೋ ಭ್ರಮೆ, ಕೈಲಿದ್ದ ದುಡ್ಡೆಲ್ಲ ಖಾಲಿ. ಇಲಿಗೆ ಈ ರಗಳೆಯೇ ಇಲ್ಲ. ಆಂಫೆಟಮಿನ್ ಅನ್ನೋ ಉತ್ತೇಜಕ ಮದ್ದು ಚುಚ್ಚಿ ಡಬ್ಬಿಗೆ ಬಿಡ್ತಾರೆ, ಅದು ಪಾಪ ಓಡುತ್ತೆ, ಓಡದೆ ಇನ್ನೇನು ಮಾಡುತ್ತೆ? ಆಮೇಲೆ ಮೇನಿಯಾಗೆ ಕೊಡೋ ಔಷಧಿ ಲಿಥಿಯಂ ಕೊಟ್ಟಾಗ ಓಟ ಕಮ್ಮಿ ಆಯ್ತಾ, ಹಾಗಾದ್ರೆ ಅದಕ್ಕಿದ್ದದ್ದು ಮೇನಿಯಾನೇ!

ತಮಾಷೆ ಏನಂದ್ರೆ ಇದೇ ಆಂಫೆಟಮಿನ್ ಇಲಿ ಇನ್ನೊಂದು ಲ್ಯಾಬಿನಲ್ಲಿ ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳಿಸೋ ಮನೋರೋಗ) ಪೇಷಂಟು. ಓಟ ಅದೇ, ಡೋಸೂ ಹೆಚ್ಚುಕಮ್ಮಿ ಅದೇ, ಕಾಯಿಲೆ ಯಾವುದು ಅನ್ನೋದು ಗ್ರಾಂಟ್ ಯಾವುದಕ್ಕೆ ಬಂದಿದೆ ಅನ್ನೋದರ ಮೇಲೆ.

ಡಿಪ್ರೆಷನ್ ಇನ್ನೂ ಸುಲಭ, ಆರು ನಿಮಿಷದ ಕೆಲಸ. ಇಲಿ ಹತ್ತಿ ಬರೋಕಾಗದ ಗಾಜಿನ ಜಾಡಿಗೆ ನೀರು ತುಂಬಿ ಅದರೊಳಗೆ ಬಿಟ್ಟು, ಕೊನೆ ನಾಲ್ಕು ನಿಮಿಷದಲ್ಲಿ ಅದು ಎಷ್ಟು ಹೊತ್ತು ಕೈಕಾಲು ಆಡಿಸದೆ ತೇಲ್ತು ಅಂತ ಎಣಿಸ್ತಾರೆ. 1977ರಿಂದ ಈಜುಕೊಳ ನಡೀತಾನೇ ಇದೆ. ತೇಲಿದ್ರೆ ಹತಾಶೆಯಂತೆ. ಈಜಿ ಪ್ರಯೋಜನ ಇಲ್ಲ ಅಂತ ಗೊತ್ತಾಗಿ ಶಕ್ತಿ ಉಳಿಸ್ಕೊಂಡಿರೋ ಬುದ್ಧಿವಂತ ಇಲಿಗೂ ಅದೇ ಹಣೆಪಟ್ಟಿ (ಈ ತಕರಾರು ವಿಜ್ಞಾನಿಗಳೇ ಎತ್ತಿದ್ದಾರೆ, ನನ್ನ ಸ್ವಂತದ್ದಲ್ಲ).

ಇನ್ನು ಹೊಸ ಔಷಧಿ ಹುಡುಕೋ ಕ್ರಮ. ಮಾಡೆಲ್ (ಅಂದ್ರೆ ಕಾಯಿಲೆಯ ಪ್ರತಿರೂಪ ಅಂತ ಬಳಸೋ ಇಲಿ) ಸರಿ ಅಂತ ಹೇಳೋಕೆ ಲಿಥಿಯಂ ಸಾಕ್ಷಿ, ಹೊಸ ಔಷಧಿ ಸರಿ ಅಂತ ಹೇಳೋಕೆ ಆ ಮಾಡೆಲ್ ಸಾಕ್ಷಿ. ಲಿಥಿಯಂ ಥರ ಇಲ್ಲದ ಔಷಧಿ ಏನಾದ್ರೂ ಬಂದ್ರೆ ಬಾಗಿಲಲ್ಲೇ ವಾಪಸ್. ಲಿಥಿಯಂ ಆದ್ರೂ ಹೇಗೆ ಬಂತು ಅಂತೀರಾ? ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಡಾಕ್ಟರು ಮೇನಿಯಾ ಇರೋರ ಮೂತ್ರದಲ್ಲಿ ಏನೋ ವಿಷ ಇದೆ ಅಂದ್ಕೊಂಡು ಅದನ್ನ ಗಿನಿಪಿಗ್ ಹೊಟ್ಟೆಗೆ ಚುಚ್ಚಿದ್ರು, ಮೂತ್ರದಲ್ಲಿರೋ ಯೂರಿಕ್ ಆಸಿಡ್ ಪರೀಕ್ಷಿಸೋಕೆ ಹೋದ್ರೆ ಅದು ನೀರಲ್ಲಿ ಸರಿಯಾಗಿ ಕರಗಲ್ಲ ಅಂತ ಲಿಥಿಯಂ ಉಪ್ಪಿಗೆ ಕೈ ಹಾಕಿದ್ರು, ಗಿನಿಪಿಗ್‌ಗಳು ಅಂಗಾತ ಮಲಗಿಸಿದ್ರೂ ಒದ್ದಾಡದೆ ಪಿಳಿಪಿಳಿ ನೋಡ್ತಾ ಬಿದ್ಕೊಂಡ್ವು. ಮನಸ್ಸು ಶಾಂತ ಆಯ್ತು ಅಂತ ಇವರು ಪೇಷಂಟ್‌ಗಳಿಗೂ ಕೊಟ್ಟು 1949ರಲ್ಲಿ ಪೇಪರ್ ಬರೆದ್ರು, ಗಿನಿಪಿಗ್‌ಗಳ ಆ ಶಾಂತಿ ಬಹುಶಃ ಲಿಥಿಯಂ ಜಾಸ್ತಿಯಾಗಿ ಬಂದ ಮಂಪರು ಅಂತ ಆಮೇಲಿನವರು ಅಂದ್ರು. ಥಿಯರಿ ತಪ್ಪು, ಗಿನಿಪಿಗ್ ಸಾಕ್ಷಿನೂ ತಪ್ಪು, ಔಷಧಿ ಮಾತ್ರ ಸರಿ, ಇವತ್ತಿಗೂ ಎಷ್ಟೋ ಜನರ ಜೀವ ಉಳಿಸ್ತಿದೆ. ಬೈಪೋಲಾರಿಗೆ ಕೊಡೋ ಬೇರೆ ಔಷಧಿಗಳಾದ ವ್ಯಾಲ್ಪ್ರೊಯೇಟ್, ಲ್ಯಾಮೋಟ್ರಿಜಿನ್ ಎಲ್ಲ ಮೂರ್ಛೆರೋಗದ ಕಡೆಯಿಂದ ಬಂದ ನೆಂಟರು.

ಅಸಲಿ ಕಾಯಿಲೆ ಇರೋದು ಏರಿಳಿತದಲ್ಲಿ, ಕೆಲವು ತಿಂಗಳು ಮೇಲೆ, ಕೆಲವು ತಿಂಗಳು ಕೆಳಗೆ, ನಡುವೆ ಎಲ್ಲ ಸರಿಯಿದ್ದ ದಿನಗಳೂ ಇರ್ತವೆ. ಹಾಗೆ ತಾನಾಗೇ ಏರಿಳಿಯೋ ಇಲಿನ ಸಾಕೋಕೆ ಯಾರಿಗೂ ಪುರುಸೊತ್ತಿಲ್ಲ. ಅದಕ್ಕೇ ಓಡೋ ಇಲಿ ಒಂದು ರೂಮಲ್ಲಿ, ತೇಲೋ ಇಲಿ ಪಕ್ಕದ ರೂಮಲ್ಲಿ, ಎರಡರ ಗ್ರಾಫನ್ನೂ ಒಂದೇ ಪೇಪರಲ್ಲಿ ಅಕ್ಕಪಕ್ಕ ಹಾಕಿದ್ರೆ ಬೈಪೋಲಾರ್ ರೆಡಿ.