ಮಾತ್ರೆ ಬಿಟ್ಟವರ ಪ್ರವಚನ

ನಿನ್ನೆ ನೆಂಟರ ಮನೆಯಲ್ಲಿ ಊಟವಿತ್ತು. ರಾತ್ರಿ ಬಂದ ತಕ್ಷಣವೇ ಇದನ್ನು ಬರೆಯಲು ಕೂತಿದ್ದೆ. ಸಿಟ್ಟಿನಲ್ಲಿ ಹೆಸರು ಹಾಕಿಬಿಡುತ್ತೇನೇನೋ ಅನ್ನಿಸಿ ಬೆಳಗಿನವರೆಗೆ ಕಾದೆ. ಸಿಟ್ಟೇನೂ ಇಳಿದಿಲ್ಲ. ಹೆಸರು ಮಾತ್ರ ಹಾಕುವುದಿಲ್ಲ.

ದೊಡ್ಡಮ್ಮ ಊಟಕ್ಕೆ ಕೂರುವ ಮುಂಚೆ ಪರ್ಸಿನಿಂದ ಮಾತ್ರೆ ತೆಗೆದರು. ಪಕ್ಕದಲ್ಲಿದ್ದ ಮಹಾನುಭಾವರೊಬ್ಬರು ನೋಡಿದರು. "ಇನ್ನೂ ಮಾತ್ರೆ ನುಂಗ್ತಾ ಇದ್ದೀರಾ? ಅದೆಲ್ಲ ಕಂಪನಿಯವರ ವ್ಯಾಪಾರ ಕಣ್ರೀ. ಮನಸ್ಸು ಮಾಡಿದ್ರೆ ಮೂರೇ ತಿಂಗಳು, ಶುಗರ್ ಓಡಿಹೋಗುತ್ತೆ" ಅಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನೂ ಸುಮ್ನೆ ಇರುತ್ತಿದ್ದೆ. ನನ್ನ ಕಡೆ ಕೈ ತೋರಿಸಿ, "ಇವರನ್ನ ನೋಡಿ, ಒಂದು ಮಾತ್ರೆ ಇಲ್ಲ, ಹೇಗಿದ್ದಾರೆ!" ಅಂತ ಸೇರಿಸಿದರು. ದೊಡ್ಡಮ್ಮ ಏನೋ ತಪ್ಪು ಮಾಡಿದವರ ಹಾಗೆ ಮಾತ್ರೆಯನ್ನು ಮತ್ತೆ ಪರ್ಸಿಗೆ ಹಾಕಿಕೊಂಡರು. ಊಟ ಮುಗಿದ ಮೇಲೆ ಯಾರೂ ಇಲ್ಲದ ಹೊತ್ತು ನೋಡಿ ಅಡುಗೆಮನೆಯಲ್ಲಿ ನುಂಗಿದರು.

ಇಪ್ಪತ್ತು ವರ್ಷಕ್ಕೂ ಮೇಲಿಂದ ಸಕ್ಕರೆ ಕಾಯಿಲೆ ಇಟ್ಟುಕೊಂಡು, ಕಣ್ಣು, ಕಿಡ್ನಿ, ಕಾಲು ಎಲ್ಲವನ್ನೂ ಕಾಪಾಡಿಕೊಂಡು ಬಂದಿರುವ ಹೆಂಗಸು ಅವರು. ಅವರಿಗೆ ಪಾಠ ಹೇಳುವುದಕ್ಕೆ ನಾನು ಉದಾಹರಣೆಯಂತೆ!

ನನ್ನ ಕಥೆ ಇಲ್ಲಿರುವ ಹೆಚ್ಚಿನವರಿಗೆ ಗೊತ್ತು, ಮತ್ತೆ ಹೇಳಿ ತಲೆ ತಿನ್ನುವುದಿಲ್ಲ. ಟೈಪ್ 2. ಊಟ ಬದಲಾಯಿಸಿದೆ, ತೂಕ ಇಳಿಸಿದೆ, ವ್ಯಾಯಾಮಕ್ಕೆ ಬಿದ್ದೆ. ಡಾಕ್ಟರು ರಿಪೋರ್ಟ್ ನೋಡುತ್ತಾ ಮಾತ್ರೆ ಕಡಿಮೆ ಮಾಡುತ್ತಾ ಬಂದು ಕೊನೆಗೆ ನಿಲ್ಲಿಸಿದರು. ಡಾಕ್ಟರು ನಿಲ್ಲಿಸಿದರು. ನಾನಲ್ಲ. ನನ್ನ ಕಥೆಯನ್ನು ಬೇರೆಯವರು ಹೇಳುವಾಗ ಮೊದಲು ಬಿದ್ದುಹೋಗುವುದು ಇದೇ ಸಾಲು.

ನನ್ನ ತಕರಾರು ಒಂದೇ. ಮಾತ್ರೆಯಿಲ್ಲದೆ ಶುಗರ್ ಹಿಡಿತದಲ್ಲಿ ಇಟ್ಟುಕೊಳ್ಳುವುದು ಚಿಕಿತ್ಸೆಯ ಒಂದು ದಾರಿ. ಅದನ್ನು ಒಳ್ಳೆಯ ನಡತೆಯ ಸರ್ಟಿಫಿಕೇಟ್ ಮಾಡಬೇಡಿ. ಮಾತ್ರೆ ಬಿಟ್ಟವರು ಗಟ್ಟಿಗರು, ನುಂಗುವವರು ನಾಲಿಗೆಯ ಗುಲಾಮರು ಅಂತ ಪಂಗಡ ಕಟ್ಟಬೇಡಿ. (ಮಹಾನುಭಾವರು ಹೊಗಳಿದಾಗ ಒಂದು ಕ್ಷಣ ನನಗೂ ಒಳಗೊಳಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ. ಸಿಟ್ಟು ಇಷ್ಟು ಜಾಸ್ತಿಯಾಗಿರುವುದಕ್ಕೆ ಅದೂ ಒಂದು ಕಾರಣ.)

ಈ ದಾರಿಯಲ್ಲಿ ಫಲ ಸಿಗುತ್ತದೆಯೇ ಅಂದರೆ, ಖಂಡಿತ ಸಿಗುತ್ತದೆ. ಬ್ರಿಟನ್ನಿನಲ್ಲಿ ಡೈರೆಕ್ಟ್ ಅಂತ ಒಂದು ಅಧ್ಯಯನ ನಡೆಯಿತು. ನ್ಯೂಕ್ಯಾಸಲ್‌ನ ರಾಯ್ ಟೇಲರ್ ಮತ್ತು ಗ್ಲಾಸ್ಗೋದ ಮೈಕ್ ಲೀನ್ ಅದರ ಮುಂದಾಳುಗಳು. ಮೊದಲ ವರ್ಷದ ಫಲಿತಾಂಶ 2017ರಲ್ಲಿ ಬಂತು. ಶುಗರ್ ಮಾತ್ರೆ ನಿಲ್ಲಿಸಿ, ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಸೂಪು, ಶೇಕುಗಳ ಮೇಲೆ ಇಟ್ಟರು. ಆಮೇಲೆ ನಿಧಾನವಾಗಿ ಮಾಮೂಲಿ ಊಟಕ್ಕೆ ತಂದರು. ವರ್ಷದ ಕೊನೆಗೆ ನೂರಕ್ಕೆ 46 ಜನರ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಮಾತ್ರೆಯಿಲ್ಲದೆ, ಕಾಯಿಲೆಯ ಗೆರೆಯಾದ 6.5ರ ಕೆಳಗಿತ್ತು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 4. ಒಮ್ಮೆ ಬಂದರೆ ಬಿಗಡಾಯಿಸುತ್ತಲೇ ಹೋಗುತ್ತದೆ ಅಂತ ಎಲ್ಲರೂ ನಂಬಿದ್ದ ಕಾಯಿಲೆಯಲ್ಲಿ ಇದು ಸಣ್ಣ ಮಾತಲ್ಲ.

ಹೇಗೆ ಅನ್ನುವುದೂ ಒಂದಿಷ್ಟು ಗೊತ್ತಾಗಿದೆ. ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡರೆ ಅದು, ರಕ್ತದ ಸಕ್ಕರೆ ಇಳಿಸುವ ಹಾರ್ಮೋನಾದ ಇನ್ಸುಲಿನ್ ಮಾತು ಕೇಳುವುದಿಲ್ಲ. ಬೇಕೋ ಬೇಡವೋ, ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಹೆಚ್ಚಾದ ಕೊಬ್ಬು ಪ್ಯಾಂಕ್ರಿಯಾಸ್‌ಗೂ (ಮೇದೋಜೀರಕ ಗ್ರಂಥಿಗೂ) ಸೇರಿ, ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಮಂಕಾಗುತ್ತವೆ ಅನ್ನುವುದು ಟೇಲರ್ ಅವರ ವಾದ. ತೂಕ ಚೆನ್ನಾಗಿ ಇಳಿದರೆ ಲಿವರ್ ಹಗುರಾಗುತ್ತದೆ, ಕೆಲವರಲ್ಲಿ ಬೀಟಾ ಕೋಶಗಳೂ ಚೇತರಿಸಿಕೊಳ್ಳುತ್ತವೆ.

ಕೆಲವರಲ್ಲಿ. ಮಹಾನುಭಾವರ ಕಥೆಯಲ್ಲಿ ಈ ಪದ ಬರುವುದೇ ಇಲ್ಲ.

ಆ ಅಧ್ಯಯನಕ್ಕೆ ಸೇರಿಸಿಕೊಂಡಿದ್ದು ಕಾಯಿಲೆ ಗೊತ್ತಾಗಿ ಆರು ವರ್ಷ ಮೀರದವರನ್ನು. ಇನ್ಸುಲಿನ್ ತೆಗೆದುಕೊಳ್ಳುವವರನ್ನು ಸೇರಿಸಿರಲಿಲ್ಲ. ಅದರಲ್ಲಿ 15 ಕೆಜಿ ಅಥವಾ ಅದಕ್ಕಿಂತ ಹೆಚ್ಚು ತೂಕ ಇಳಿಸಿದವರು 36 ಜನ. ಅವರಲ್ಲಿ 31 ಜನರ ಶುಗರ್ ಹಿಡಿತಕ್ಕೆ ಬಂತು. ಅದ್ಭುತ ಅಲ್ವಾ? ಆದರೆ ನನ್ನ ತಲೆಯಲ್ಲಿ ಕೂತಿರುವುದು ಉಳಿದ ಐದು ಜನ. ಅವರೂ ಅದೇ ಸೂಪು ಕುಡಿದರು. ಅವರೂ ಹದಿನೈದು ಕೆಜಿ ಇಳಿಸಿದರು. ಆದರೂ ಶುಗರ್ ಬಗ್ಗಲಿಲ್ಲ. ಅವರು ಮನಸ್ಸು ಮಾಡಿರಲಿಲ್ಲವೇ ಸ್ವಾಮಿ? ಹದಿನೈದು ಕೆಜಿ ಇಳಿಸಲು ಇನ್ನೆಂಥ ಮನಸ್ಸು ಬೇಕು? ಆಮೇಲೆ ಪರೀಕ್ಷಿಸಿ ನೋಡಿದಾಗ, ತೂಕ ಇಳಿದರೂ ಶುಗರ್ ಬಗ್ಗದವರಲ್ಲಿ ಲಿವರ್ ಕೊಬ್ಬು ಕರಗಿತ್ತು, ಬೀಟಾ ಕೋಶಗಳು ಮಾತ್ರ ಎದ್ದಿರಲಿಲ್ಲ. ಸಾಮಾನ್ಯವಾಗಿ ಅವರಿಗೆ ಕಾಯಿಲೆ ಬಂದು ಹೆಚ್ಚು ವರ್ಷ ಆಗಿತ್ತು. ಅಷ್ಟೇ ವ್ಯತ್ಯಾಸ.

ಎರಡನೇ ವರ್ಷಕ್ಕೆ ನೂರಕ್ಕೆ 46 ಇದ್ದದ್ದು ನೂರಕ್ಕೆ 36ಕ್ಕೆ ಇಳಿಯಿತು. ಇಳಿದ ತೂಕ ವಾಪಸ್ ಬಂದರೆ ಶುಗರೂ ವಾಪಸ್ ಬರುತ್ತದೆ. ಬ್ರಿಟನ್ನಿನದೇ ಇನ್ನೊಂದು ಹಳೆಯ, ದೊಡ್ಡ ಅಧ್ಯಯನವಿದೆ, ಯುಕೆಪಿಡಿಎಸ್ ಅಂತ. 1977ರಲ್ಲಿ ಶುರುವಾದದ್ದು. ಅದರಲ್ಲಿ ಬರೀ ಪಥ್ಯದ ಮೇಲೆ ಇದ್ದವರಲ್ಲಿ ಒಂಬತ್ತು ವರ್ಷ ಕಳೆದಾಗ ಎಚ್‌ಬಿಎ1ಸಿ 7ರ ಕೆಳಗೆ ಉಳಿದಿದ್ದು ನೂರಕ್ಕೆ 9 ಜನ. ಆ ಕಾಲದ ಪಥ್ಯ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ, ಒಪ್ಪುತ್ತೇನೆ. ಆದರೂ ಉಳಿದ 91 ಜನಕ್ಕೂ ಮನೋಬಲವಿರಲಿಲ್ಲ ಅನ್ನಲು ಎಷ್ಟು ಧೈರ್ಯ ಬೇಕು, ಯೋಚಿಸಿ.

ಇಪ್ಪತ್ತು ವರ್ಷ ದಾಟಿದ ದೊಡ್ಡಮ್ಮನನ್ನು, ಬೇಗ ಪತ್ತೆಯಾದ ನನ್ನ ಪಕ್ಕ ನಿಲ್ಲಿಸಿ ಯಾರು ಗಟ್ಟಿಗರು ಅಂತ ನೋಡುವುದು ಯಾವ ನ್ಯಾಯ? ನನಗೆ ಬೇಗ ಗೊತ್ತಾದದ್ದು ನನ್ನ ಸಾಧನೆಯಲ್ಲ. ಬೇರೇನಕ್ಕೋ ರಕ್ತ ಕೊಟ್ಟಿದ್ದೆ, ಅದರಲ್ಲಿ ಸಿಕ್ಕಿಬಿತ್ತು. ಮಂಡಿ ನೆಟ್ಟಗಿದೆ, ನಡೆಯಬಲ್ಲೆ. ಸಂಜೆ ಒಂದು ಗಂಟೆ ನನ್ನದು ಅಂತ ಇದೆ. ನಾನು ಏನು ತಿನ್ನಬೇಕು ಅನ್ನುವುದನ್ನು ನಾನೇ ತೀರ್ಮಾನಿಸಬಲ್ಲೆ. ದೊಡ್ಡಮ್ಮನಿಗೆ ಇದರಲ್ಲಿ ಒಂದೂ ಇರಲಿಲ್ಲ. ಇಡೀ ಮನೆಗೆ ಬಡಿಸಿ, ಉಳಿದದ್ದನ್ನು ಹೊತ್ತಲ್ಲದ ಹೊತ್ತಿನಲ್ಲಿ ತಿಂದ ಜೀವ ಅದು.

ಮಾತ್ರೆ ಇಲ್ಲ ಅಂದರೆ ಚಿಕಿತ್ಸೆಯೇ ಇಲ್ಲ, ಆರಾಮ ಅಂದುಕೊಂಡಿದ್ದಾರೆ ಜನ. ಆರಾಮ! ಮಾತ್ರೆ ನುಂಗಲು ಒಂದು ನಿಮಿಷ ಸಾಕು. ನನ್ನ ಚಿಕಿತ್ಸೆ ಇಡೀ ದಿನ ನಡೆಯುತ್ತದೆ. ತಟ್ಟೆಯಲ್ಲಿ ಮೊದಲು ತರಕಾರಿ, ಪ್ರೋಟೀನ್, ಪಿಷ್ಟ ಕೊನೆಗೆ. ಆ ಕ್ರಮದಲ್ಲಿ ತಿಂದರೆ ಊಟದ ನಂತರದ ಶುಗರ್ ಅಷ್ಟು ಏರುವುದಿಲ್ಲ. ಹಣ್ಣು ತಿನ್ನಬಹುದು, ಜ್ಯೂಸ್ ಬೇಡ. ಉಂಡ ಕೂಡಲೇ ಕೂರುವ ಹಾಗಿಲ್ಲ, ಹತ್ತು ಹದಿನೈದು ನಿಮಿಷ ಓಡಾಡಬೇಕು. ಸ್ನಾಯು ದುಡಿಯುವಾಗ ಇನ್ಸುಲಿನ್ ಇಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ವ್ಯಾಯಾಮದ ಗುಟ್ಟು ಬರೀ ಕ್ಯಾಲೊರಿ ಕರಗಿಸುವುದರಲ್ಲಿಲ್ಲ, ಇದರಲ್ಲಿದೆ. ಒಂದು ಸಲದ ವ್ಯಾಯಾಮದ ಉಪಕಾರ ಒಂದರಿಂದ ಮೂರು ದಿನ ಇರುತ್ತದೆ, ಆಮೇಲೆ ಮುಗಿಯಿತು. ಹಾಗಾಗಿ ಒಂದರ ಹಿಂದೆ ಒಂದು ಎರಡು ದಿನಕ್ಕಿಂತ ಹೆಚ್ಚು ತಪ್ಪಿಸಬೇಡಿ ಅನ್ನುತ್ತಾರೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಜೊತೆಗೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ. ನಡಿಗೆಯೊಂದೇ ಸಾಕು ಅಂದುಕೊಂಡವರಿಗೆ ಹೇಳುತ್ತೇನೆ, ಸ್ನಾಯು ಬೇಕು. ಊಟದಿಂದ ಬಂದ ಸಕ್ಕರೆಯ ದೊಡ್ಡ ಗಿರಾಕಿ ಅದೇ.

ಇಷ್ಟೆಲ್ಲ ಮಾಡಿ ಮಲಗಿ, ಬೆಳಗ್ಗೆ ಎದ್ದು ಬೆರಳು ಚುಚ್ಚಿದರೆ ರಾತ್ರಿಗಿಂತ ಜಾಸ್ತಿ! ಏನೂ ತಿಂದಿಲ್ಲ, ಆದರೂ ಏರಿದೆ. ಬೆಳಗಿನ ಜಾವದ ಹಾರ್ಮೋನುಗಳ ಮಾತು ಕೇಳಿ ಲಿವರ್ ಸಕ್ಕರೆ ಬಿಟ್ಟಿರುತ್ತದೆ. ನಿದ್ದೆಗೆಟ್ಟರೆ ಏರುತ್ತದೆ. ಜ್ವರ ಬಂದರೆ ಏರುತ್ತದೆ. ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಕೇಳುವುದೇ ಬೇಡ. ನೆಂಟರ ಮನೆಯಲ್ಲಿ ಪ್ರವಚನ ಕೇಳಿದರೂ ಏರುತ್ತದೆ ಅಂತ ನನ್ನ ಗುಮಾನಿ, ಪುರಾವೆ ಇಲ್ಲ. ಇದೆಲ್ಲ ಮನಸ್ಸು ಮಾಡಿದರೆ ನಿಲ್ಲುವಂಥದ್ದೇ?

"ರಾಸಾಯನಿಕ ಯಾಕೆ ತಗೋತೀರಾ" ಅಂತಲೂ ಮಹಾನುಭಾವರು ಕೇಳಿದರು. ದೊಡ್ಡಮ್ಮನ ಮಾತ್ರೆ ಮೆಟ್‌ಫಾರ್ಮಿನ್. ಅದರ ಮೂಲ ಹುಡುಕಿದರೆ ಸಿಗುವುದು ಗಲೇಗಾ ಅನ್ನುವ ಗಿಡ, ಯುರೋಪಿನ ಹಳೆಯ ಗಿಡಮೂಲಿಕೆ. ಅದರಲ್ಲಿದ್ದ ಅಂಶ ಶುಗರ್ ಇಳಿಸುತ್ತಿತ್ತು, ಆದರೆ ವಿಷವಾಗುತ್ತಿತ್ತು. ಅದೇ ಜಾತಿಯ, ಅಪಾಯ ಕಡಿಮೆ ಇರುವ ಮೆಟ್‌ಫಾರ್ಮಿನ್ ಅನ್ನು ಫ್ರಾನ್ಸಿನ ಜಾನ್ ಸ್ಟೆರ್ನ್ 1957ರಲ್ಲಿ ಚಿಕಿತ್ಸೆಗೆ ತಂದರು. ಅಂದರೆ ಗಿಡವನ್ನೇ ನೇರವಾಗಿ ತಿಂದಿದ್ದರೆ ಅಪಾಯ ಹೆಚ್ಚಿತ್ತು. ಇದನ್ನು ಊಟದ ಮನೆಯಲ್ಲಿ ಹೇಳಲು ಹೊರಟೆ. ಅಷ್ಟರಲ್ಲಿ ಅವರು ಇನ್ನೊಬ್ಬರ ಬಿಪಿಗೆ ಕೈ ಹಾಕಿದ್ದರು.

ಇಂಥ ಮಾತು ಕೇಳಿ ಯಾರಾದರೂ ನಾಳೆಯಿಂದಲೇ ಮಾತ್ರೆ ಬಿಟ್ಟರೆ? ಸಕ್ಕರೆ ಏರಿದರೆ ನೋವಾಗುವುದಿಲ್ಲ. ಅದೇ ಈ ಕಾಯಿಲೆಯ ಕೆಟ್ಟ ಗುಣ. ವರ್ಷಗಟ್ಟಲೆ ಚೆನ್ನಾಗಿದ್ದೇನೆ ಅಂದುಕೊಂಡೇ ಕಣ್ಣು, ಕಿಡ್ನಿ ಕಳೆದುಕೊಳ್ಳಬಹುದು. ಇನ್ನು ಕೆಲವರು ಮಾತ್ರೆ ಬಿಡದೆ ಊಟ ಬಿಡುತ್ತಾರೆ. ದೇಹದಿಂದ ಇನ್ಸುಲಿನ್ ಹೊರಡಿಸುವ ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗಿ ಉಪವಾಸ ಕೂತರೆ ಶುಗರ್ ಲೋ ಆಗಿ ಬೀಳುತ್ತಾರೆ. ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ, ಹೆಸರಿನ ಕೊನೆಗೆ ಗ್ಲಿಫ್ಲೋಜಿನ್ ಅಂತ ಬರುವ ಮಾತ್ರೆಗಳಿವೆ. ಅವನ್ನು ತೆಗೆದುಕೊಳ್ಳುತ್ತಾ ಪಿಷ್ಟ ಪೂರ್ತಿ ಬಿಟ್ಟರೆ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಏರಿ ಆಸ್ಪತ್ರೆ ಸೇರುವ ಅಪಾಯವಿದೆ, ಅದೂ ಮೀಟರಿನಲ್ಲಿ ಶುಗರ್ ಹೆಚ್ಚು ತೋರಿಸದೆಯೇ. ಎಲ್ಲಕ್ಕಿಂತ ಭಯದ್ದು ಇನ್ಸುಲಿನ್ ಬಿಡುವುದು. ತೆಳ್ಳಗಿರುವ ಕೆಲವು ದೊಡ್ಡವರಿಗೆ ಟೈಪ್ 2 ಅಂತ ಹೇಳಿರುತ್ತಾರೆ, ನಿಜವಾಗಿ ಅದು ನಿಧಾನವಾಗಿ ಬರುವ ಟೈಪ್ 1 ಆಗಿರುತ್ತದೆ. ಅವರ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಕಡಿಮೆಯಾಗುತ್ತಾ ಹೋಗುತ್ತದೆ. ಅಂಥವರು ಪ್ರವಚನ ಕೇಳಿ ಇನ್ಸುಲಿನ್ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಪ್ರವಚನಕಾರರು ಯಾವ ಮಾತ್ರೆ, ಯಾವ ಟೈಪ್ ಅಂತ ಕೇಳಿದ್ದನ್ನು ನಾನಂತೂ ನೋಡಿಲ್ಲ.

ಇದನ್ನು ಓದಿ ನನ್ನ ಜಿಮ್ ಗೆಳೆಯರು ಹೇಳುವುದು ಗೊತ್ತು. "ಡಾಕ್ಟರುಗಳು ಎರಡು ನಿಮಿಷದಲ್ಲಿ ಮಾತ್ರೆ ಬರೆದು ಕಳಿಸುತ್ತಾರೆ, ಊಟದ ಬಗ್ಗೆ ಒಂದು ಮಾತಿಲ್ಲ. ಅಂಥವರ ನಡುವೆ ಇವರಾದರೂ ಹುರುಪು ಕೊಡುತ್ತಾರಲ್ಲ?" ಮೊದಲ ಅರ್ಧ ನಿಜ. ನನಗೂ ಕಾಯಿಲೆ ಗೊತ್ತಾದ ದಿನ ಸಿಕ್ಕಿದ್ದು "ಸಿಹಿ ಬಿಡಿ, ವಾಕ್ ಮಾಡಿ" ಅನ್ನುವ ನಾಲ್ಕೇ ಪದ. ಬೇಗ ಪತ್ತೆಯಾದವರಿಗೆ ತೂಕ ಇಳಿಸಿದರೆ ಹೀಗೂ ಆಗಬಹುದು ಅಂತ ಮೊದಲ ದಿನವೇ ಹೇಳಬೇಕು, ಹೇಳದಿರುವುದು ಅನ್ಯಾಯ. ಆದರೆ ಡೈರೆಕ್ಟ್‌ನಲ್ಲಿ ಮಾತ್ರೆ ನಿಲ್ಲಿಸಿದವರು ಡಾಕ್ಟರುಗಳೇ. ನರ್ಸ್, ಆಹಾರತಜ್ಞರು ಬೆನ್ನಿಗಿದ್ದರು, ಶುಗರ್ ಏರಿದರೆ ಮಾತ್ರೆ ಮತ್ತೆ ಶುರು ಮಾಡುತ್ತಿದ್ದರು. ಅದನ್ನು ಬಿಟ್ಟು ಬರೀ ಹುರುಪು ಕೊಟ್ಟರೆ ಏನು ಬಂತು? ನಿನ್ನೆ ದೊಡ್ಡಮ್ಮನಿಗೆ ಸಿಕ್ಕಿದ್ದು ಹುರುಪಲ್ಲ, ನಾಚಿಕೆ. ನಾಚಿಕೆಯಿಂದ ಯಾರ ಎಚ್‌ಬಿಎ1ಸಿಯೂ ಇಳಿದದ್ದಿಲ್ಲ. ನಾಚಿಕೆಯಾದವರು ಟೆಸ್ಟ್ ಮಾಡಿಸುವುದನ್ನು ಮುಂದಕ್ಕೆ ಹಾಕುತ್ತಾರೆ, ಮಾತ್ರೆ ಬಚ್ಚಿಡುತ್ತಾರೆ, ಡಾಕ್ಟರ ಮುಂದೆ ಸುಳ್ಳು ಹೇಳುತ್ತಾರೆ.

"ಶುಗರ್ ಓಡಿಹೋಗುತ್ತೆ" ಅನ್ನುವುದೂ ನಿಜವಲ್ಲ. ಮಾತ್ರೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ರ ಕೆಳಗಿದ್ದರೆ ಕಾಯಿಲೆ ಸದ್ಯಕ್ಕೆ ಅಡಗಿದೆ ಅಂತ ಲೆಕ್ಕ. 2021ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡ ಒಪ್ಪಿಕೊಂಡ ಅಳತೆ ಇದು. ಹಾಗಿದ್ದರೂ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಆಗಬೇಕು. ಕಣ್ಣು, ಪಾದ, ಮೂತ್ರದ ಪರೀಕ್ಷೆಗಳನ್ನೂ ಬಿಡುವಂತಿಲ್ಲ. ನಾನು ಈಗಲೂ ಡಾಕ್ಟರ ಪಟ್ಟಿಯಲ್ಲಿರುವ ಶುಗರ್ ಪೇಷಂಟೇ.

ಕೊನೆಗೆ, ಮನೆಯಲ್ಲಿ ಮಾತ್ರ ಹೇಳಿರುವ ಒಂದು ವಿಷಯ. ನನ್ನ ಈಚಿನ ರಿಪೋರ್ಟು ಹಿಂದಿನದಕ್ಕಿಂತ ಏರಿದೆ. ತೂಕ ಹಾಗೇ ಇದೆ, ನಡಿಗೆ ಹಾಗೇ ಇದೆ, ತಟ್ಟೆ ಹಾಗೇ ಇದೆ. "ಮುಂದಿನ ಸಲವೂ ಹೀಗೇ ಇದ್ದರೆ ಒಂದು ಮಾತ್ರೆ ಶುರು ಮಾಡೋಣ" ಅಂದಿದ್ದಾರೆ ಡಾಕ್ಟರು. ಸರಿ ಅಂದು ಬಂದೆ. ಮನೆಗೆ ಬಂದು ಅತ್ತಿದ್ದೂ ನಿಜ. ಯಾಕೆ ಅತ್ತೆ ಅಂದರೆ, ಮಾತ್ರೆಯ ಭಯಕ್ಕಲ್ಲ. ಜನ ಏನಂದುಕೊಳ್ಳುತ್ತಾರೋ ಅಂತ. ಇಷ್ಟೆಲ್ಲ ಓದಿಕೊಂಡ ನನಗೇ ಹೀಗಾದರೆ, ದೊಡ್ಡಮ್ಮನಂಥವರಿಗೆ ಹೇಗಾಗಬೇಡ?

ಮಾತ್ರೆ ಶುರುವಾದರೆ ಸ್ಟ್ರಿಪ್ಪಿನ ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ. ತೂಕ ಇಳಿದಾಗ ಹಾಕಿದ ಫೋಟೋಗೆ ಲೈಕ್ ಒತ್ತಿದವರೆಲ್ಲ ಅದಕ್ಕೂ ಒತ್ತಬೇಕು. ಮಹಾನುಭಾವರೂ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾರೆ, ಅವರನ್ನು ಟ್ಯಾಗ್ ಮಾಡುವುದು ಮರೆಯುವುದಿಲ್ಲ.