ಸತ್ಯಾಂಶ: ಶಟರ್ ಎಳೆದರೆ ಕಂಪನಿ ಮುಚ್ಚಿದಂತಲ್ಲ
'ಪ್ರೈವೇಟ್ ಲಿಮಿಟೆಡ್ ಕಂಪನಿ ಸೋತರೆ ದಿವಾಳಿ ಅರ್ಜಿಯೊಂದೇ ದಾರಿ; ಬೇಡವೆಂದರೆ ಸುಮ್ಮನಿರಿ, ಎರಡು ವರ್ಷಕ್ಕೆ ತಾನಾಗಿ ರದ್ದಾಗುತ್ತದೆ' ಎಂಬ ವಾಟ್ಸ್ಆ್ಯಪ್ ಸಂದೇಶದ ಎರಡೂ ಮಾತು ತಪ್ಪು.

ಸುಮ್ಮನಿರುವುದೇ ದುಬಾರಿ. ಕಂಪನಿ ನೋಂದಣಾಧಿಕಾರಿಗೆ ಸಲ್ಲಿಸದ ಪ್ರತಿ ವಾರ್ಷಿಕ ಫಾರಂಗೆ ದಿನಕ್ಕೆ 100 ರೂ. ಹೆಚ್ಚುವರಿ ಶುಲ್ಕ. ಸತತ ಮೂರು ವರ್ಷ ತಪ್ಪಿಸಿದರೆ ನಿರ್ದೇಶಕರು ಐದು ವರ್ಷ ಆ ಹುದ್ದೆಗೆ ಅನರ್ಹರು.

ವ್ಯವಹಾರ ನಿಂತು ಎರಡು ವರ್ಷವಾಗಿದ್ದು, ಸಾಲವೆಲ್ಲ ತೀರಿದ್ದರೆ ಕಂಪನಿ ಕಾಯ್ದೆ 2013ರ 248ನೇ ಕಲಮಿನಡಿ ನೋಂದಣಾಧಿಕಾರಿಯ ಪಟ್ಟಿಯಿಂದ ಹೆಸರು ತೆಗೆಸಬಹುದು. ಇದಕ್ಕೆ ಸಲ್ಲಿಸುವ ಎಸ್‌ಟಿಕೆ-2 ಅರ್ಜಿಯ ಸಾಮಾನ್ಯ ಶುಲ್ಕ 10,000 ರೂ.; ಜೊತೆಗೆ ನಿರ್ದೇಶಕರ ನಷ್ಟಭರ್ತಿ ಬಾಂಡ್ (ಮುಂದೆ ನಷ್ಟ ಬಂದರೆ ತಾವೇ ತುಂಬುವ ಮುಚ್ಚಳಿಕೆ), ಅಫಿಡವಿಟ್, 30 ದಿನಕ್ಕಿಂತ ಹಳೆಯದಲ್ಲದ ಲೆಕ್ಕಪಟ್ಟಿ. ವ್ಯವಹಾರ ನಿಂತ ವರ್ಷದವರೆಗಿನ ಬಾಕಿ ಫಾರಂಗಳನ್ನು ಮೊದಲೇ ಸಲ್ಲಿಸಿರಬೇಕು. ಹಲವರು ಎಡವುವುದು ಇಲ್ಲೇ.

ಆಸ್ತಿ ಮಾರಿ ಸಾಲ ಪೂರ್ತಿ ತೀರಿಸಬಲ್ಲ ಕಂಪನಿಗೆ ದಿವಾಳಿ ಸಂಹಿತೆಯ 59ನೇ ಕಲಮಿನ ಸ್ವಯಂಪ್ರೇರಿತ ಸಮಾಪನವೂ (ತಾನಾಗಿ ಮುಂದೆ ಬಂದು ಲೆಕ್ಕ ಚುಕ್ತಾ ಮಾಡಿ ಮುಚ್ಚುವುದು) ಇದೆ. ಹೆಸರು ಹೋದರೂ ನಿರ್ದೇಶಕರ ಹೊಣೆ ಅಳಿಯದು.