ನಮ್ಮಪ್ಪನ ಪೊಟ್ಟಣ, ಟೋಕಿಯೋದ ಗಂಟು

ತಿಪಟೂರಿನ ನಮ್ಮ ದಿನಸಿ ಅಂಗಡಿಯಲ್ಲಿ ಅಪ್ಪ ಕೂರುತ್ತಿದ್ದ ಜಾಗದ ನೆತ್ತಿಯ ಮೇಲೆ ಒಂದು ದಾರದ ಉಂಡೆ ತೂಗಾಡುತ್ತಿತ್ತು. ಹಳೇ ಪೇಪರಿನ ಅರ್ಧ ಹಾಳೆ ಎಳೆದು, ನಡುವೆ ಬೇಳೆ ಸುರಿದು, ಎರಡು ಬದಿ ಮಡಿಸಿ, ಮೇಲಿನ ತುದಿಯನ್ನು ಒಳಕ್ಕೆ ತಳ್ಳಿ, ದಾರವನ್ನು ಎರಡು ಸುತ್ತು ಸುತ್ತುತ್ತಿದ್ದರು. ಆಮೇಲೆ ಅದನ್ನು ತೋರುಬೆರಳಿಗೆ ಸಿಕ್ಕಿಸಿ ಪಟ್ ಅಂತ ಹರಿಯುತ್ತಿದ್ದರು. ಕತ್ತರಿಯೂ ಬೇಡ, ಅಂಟೂ ಬೇಡ. ಆ ಪೊಟ್ಟಣ ಸೈಕಲ್ಲಿನ ಹ್ಯಾಂಡಲ್ಲಿಗೆ ನೇತಾಡಿಕೊಂಡು ಪಕ್ಕದ ಹಳ್ಳಿಗೆ ಹೋದರೂ ಒಂದು ಕಾಳು ಚೆಲ್ಲುತ್ತಿರಲಿಲ್ಲ. ನಾನು ಕಟ್ಟಿದ್ದು ಮಾತ್ರ ಗಿರಾಕಿ ಮೆಟ್ಟಿಲು ಇಳಿಯುವಷ್ಟರಲ್ಲಿ ಬಾಯಿ ಬಿಡುತ್ತಿತ್ತು. "ನಿನ್ ಕೈಗೆ ಅವಸರ ಜಾಸ್ತಿ" ಅನ್ನುತ್ತಿದ್ದರು.

ಟೋಕಿಯೋಕ್ಕೆ ಬಂದ ಹೊಸದರಲ್ಲಿ ಆಫೀಸಿನವರೊಬ್ಬರ ಜೊತೆ ಒಂದು ದೊಡ್ಡ ಅಂಗಡಿಗೆ ಸಿಹಿ ತರಲು ಹೋಗಿದ್ದೆ. ಕೌಂಟರಿನ ಹುಡುಗಿ ಒಂದು ಹಾಳೆಯನ್ನು ಓರೆಯಾಗಿ ಹಾಸಿ, ಡಬ್ಬಿಯನ್ನು ಮೂಲೆಯಲ್ಲಿಟ್ಟು, ಮಡಿಕೆ ಹಾಕುತ್ತಾ ಉರುಳಿಸಿಕೊಂಡು ಹೋದಳು. ಡಬ್ಬಿ ಹಾಳೆಯ ಆ ತುದಿ ಮುಟ್ಟುವಷ್ಟರಲ್ಲಿ ಕೆಲಸ ಮುಗಿದಿತ್ತು. ಟೇಪು ಒಂದೇ ತುಂಡು. ಜೊತೆಗಿದ್ದವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನನಗೆ ಮಾತ್ರ ಅಪ್ಪನ ಕೈ ನೆನಪಾಗಿ ಅಲ್ಲೇ ನಿಂತುಬಿಟ್ಟೆ.

ಈಗ ಹನ್ನೆರಡು ವರ್ಷವಾಯಿತು. ಎಡೊಗಾವಾ ವಾರ್ಡಿನ ನಿಶಿಕಸಾಯಿಯಲ್ಲಿ ನಮ್ಮ ಮನೆ. ಇಲ್ಲಿ ಭಾರತೀಯರು ಎಷ್ಟಿದ್ದಾರೆಂದರೆ ಕೊತ್ತಂಬರಿ ಸೊಪ್ಪಿಗೂ ಪರದಾಡಬೇಕಿಲ್ಲ. ಹೀಗಾಗಿ ಎರಡೂ ಕಡೆಯ ಕೊಡುಕೊಳ್ಳುವಿಕೆ ದಿನಾ ಕಣ್ಣಿಗೆ ಬೀಳುತ್ತದೆ. ಜಪಾನಿನವರಿಗೆ ಕಟ್ಟೋದು ಗೊತ್ತು, ನಮಗೆ ಕೊಡೋದು ಗೊತ್ತು ಅಂತ ಮೊದಮೊದಲು ಅಂದುಕೊಂಡಿದ್ದೆ. ಸುಮ್ನೆ ಹೇಳೋಕೆ ಚೆನ್ನಾಗಿರೋ ಮಾತು ಅದು. ನಿಜ ಅಷ್ಟು ಸಲೀಸಾಗಿಲ್ಲ.

ಕಟ್ಟೋದು ನಮಗೆ ಗೊತ್ತಿರಲಿಲ್ಲವೇ? ಗೌರಿ ಹಬ್ಬದ ಬಾಗಿನ ನೋಡಿ. ಒಂದು ಮೊರದಲ್ಲಿ ಬಳೆ ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ ಇಟ್ಟು ಮೇಲೆ ಇನ್ನೊಂದು ಮೊರ ಕವುಚುತ್ತಾರೆ. ಕೊಡುವವರು ಅದರ ಮೇಲೆ ಸೆರಗು ಮುಚ್ಚಿ ಕೊಡುತ್ತಾರೆ. ಡಬ್ಬಿಯೂ ಅದೇ, ಮುಚ್ಚಳವೂ ಅದೇ, ನಾಳೆ ಅಕ್ಕಿ ಕೇರೋದೂ ಅದರಲ್ಲೇ. ಇದಕ್ಕಿಂತ ಒಳ್ಳೆಯ ಪ್ಯಾಕಿಂಗ್ ನಾನು ಜಪಾನಿನಲ್ಲೂ ನೋಡಿಲ್ಲ. ಗುಳೇದಗುಡ್ಡದ ಖಣವನ್ನು ತ್ರಿಕೋನವಾಗಿ ಮಡಿಸಿ ಇಡುತ್ತಾರಲ್ಲ, ಅದಕ್ಕೆ ಮೇಲೊಂದು ಕಾಗದವೇ ಬೇಕಿಲ್ಲ. ಸುದಾಮ ಅವಲಕ್ಕಿ ಒಯ್ದದ್ದೂ ಬಟ್ಟೆಯ ಗಂಟಿನಲ್ಲೇ.

ಆದರೆ ಈಗ ಊರಿಗೆ ಹೋದಾಗ ಕಾಣುವುದು ಬೇರೆ. ಮದುವೆ ಮನೆಯಲ್ಲಿ ತಾಂಬೂಲದ ಚೀಲ ಕೊಡುತ್ತಾರೆ. ಗಂಡು ಹೆಣ್ಣಿನ ಹೆಸರು ಅಚ್ಚು ಹಾಕಿಸಿದ, ಬಟ್ಟೆಯಂತೆ ಕಾಣುವ ಚೀಲ. ಅದು ಬಟ್ಟೆ ಅಲ್ಲ, ಪಾಲಿಪ್ರೊಪಿಲೀನ್. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ ಮೇಲೂ ಪ್ಲಾಸ್ಟಿಕ್ಕು ಬಟ್ಟೆಯ ವೇಷ ಹಾಕಿಕೊಂಡು ಛತ್ರದ ಬಾಗಿಲಲ್ಲಿ ನಿಂತಿದೆ. ಒಳಗಿನ ತೆಂಗಿನಕಾಯಿ ಮಾತ್ರ ಅಪ್ಪಟ.

ಇನ್ನು ಬ್ಲೌಸ್ ಪೀಸು. ನನ್ನ ಹೆಂಡತಿ ಅರಿಸಿನ ಕುಂಕುಮಕ್ಕೆ ಒಬ್ಬರಿಗೆ ಕೊಟ್ಟ ಕಡುಹಸಿರು ಪೀಸು ಮೂರು ವರ್ಷದ ಮೇಲೆ ಇನ್ನೊಬ್ಬರ ಮನೆಯಿಂದ ನಮ್ಮನೆಗೇ ಬಂತು. ಅಂಚಿನಲ್ಲಿ ಅವಳೇ ಪೆನ್ನಿನಲ್ಲಿ ಹಾಕಿದ್ದ ಗುರುತು ಹಾಗೇ ಇತ್ತು. ಯಾರೂ ಅದನ್ನು ಬಿಚ್ಚಿ ನೋಡಿರಲೇ ಇಲ್ಲ. "ರೀ, ಇದು ನಮಗಿಂತ ಜಾಸ್ತಿ ಊರು ಸುತ್ತಿದೆ" ಅಂದಳು.

ಜಪಾನಿನವರದ್ದು ಇನ್ನೊಂದು ಅತಿರೇಕ. ಒಂದು ಬಿಸ್ಕತ್ತಿಗೆ ಒಂದು ಪ್ಲಾಸ್ಟಿಕ್ ಕವರು. ಅಂಥ ಹನ್ನೆರಡಕ್ಕೆ ಒಂದು ತಟ್ಟೆ, ತಟ್ಟೆಗೊಂದು ಡಬ್ಬಿ, ಡಬ್ಬಿಗೆ ಹಾಳೆ, ಹಾಳೆಯ ಮೇಲೆ ಕೈಚೀಲ. ಕೊಡುವಾಗ ಚೀಲ ಸುಕ್ಕಾಗಿರಬಾರದು ಅಂತ ಜೊತೆಗೆ ಇನ್ನೊಂದು ಹೊಸ ಚೀಲ! 2020ರ ಜುಲೈಯಿಂದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ದುಡ್ಡು ತೆಗೆದುಕೊಳ್ಳಲೇಬೇಕು ಅಂತ ನಿಯಮ ಬಂತು. ಒಳಗಿನ ಸುತ್ತುಗಳು ಹಾಗೇ ಇವೆ. ಹೊಸ ವರ್ಷದ ವಾರ ನಮ್ಮ ಬಿಲ್ಡಿಂಗಿನ ಕಸದ ಜಾಗ ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ಕಟ್ಟುವುದಕ್ಕೆ ಇಲ್ಲಿ ಶಾಸ್ತ್ರವೂ ಕಮ್ಮಿಯಿಲ್ಲ. ಕಾಗದವನ್ನು ಹೊಸೆದು ಮಾಡಿದ ಗಟ್ಟಿ ದಾರಕ್ಕೆ ಮಿಜುಹಿಕಿ ಅನ್ನುತ್ತಾರೆ. ನಾಗಾನೊ ಸೀಮೆಯ ಈಡಾ ಊರು ಅದಕ್ಕೆ ಹೆಸರುವಾಸಿ. ಮಗು ಹುಟ್ಟಿದರೆ ಚಿಟ್ಟೆಯ ಹಾಗೆ, ಎಳೆದರೆ ಬಿಚ್ಚುವ ಗಂಟು, ಯಾಕೆಂದರೆ ಆ ಸಂತೋಷ ಮತ್ತೆ ಮತ್ತೆ ಬರಲಿ. ಮದುವೆಗೆ ಬಿಚ್ಚಲಾಗದ ಗಂಟು, ಯಾಕೆಂದರೆ ಅದು ಒಂದೇ ಸಲ ಸಾಕು. ದುಡ್ಡಿನ ಲಕೋಟೆಯ ಹಿಂಬದಿಯ ಮಡಿಕೆ ನೋಡಿ. ಶುಭಕಾರ್ಯಕ್ಕಾದರೆ ಕೆಳಗಿನ ಮಡಿಕೆ ಮೇಲಿನದರ ಮೇಲೆ ಬರಬೇಕು, ಸಾವಿನ ಮನೆಗಾದರೆ ಉಲ್ಟಾ. ಮದುವೆಗೆ ಮೂವತ್ತು ಸಾವಿರ ಯೆನ್ ಕೊಡುತ್ತಾರೆಯೇ ಹೊರತು ಇಪ್ಪತ್ತು, ನಲವತ್ತು ಅನ್ನಲು ಹಿಂಜರಿಯುತ್ತಾರೆ. ಎರಡಕ್ಕೆ ಸೀಳುವ ಸಂಖ್ಯೆ ದಂಪತಿಗೆ ಒಳ್ಳೆಯದಲ್ಲವಂತೆ. ಇದು ಕೇಳಿದಾಗ ನಾನು ನಕ್ಕುಬಿಟ್ಟೆ. ನಮ್ಮ ಮುಯ್ಯಿ ಕವರಿಗೆ ಅಂಟಿಸಿರೋ ಒಂದು ರೂಪಾಯಿ ನಾಣ್ಯ ಮತ್ತಿನ್ನೇನು? ಐನೂರಾ ಒಂದು ಕೊಡೋ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಎರಡೂ ಕಡೆಯ ಅತಿರೇಕದ ನಡುವೆ ನನಗೆ ದಾರಿ ತೋರಿಸಿದ್ದು ಎದುರು ಮನೆಯ ಅಜ್ಜಿ. ಒಂದು ಸಂಜೆ ಪರ್ಸಿಮನ್ ಹಣ್ಣು ತಂದರು. ಚೌಕದ ಬಟ್ಟೆಯಲ್ಲಿ ಗಂಟು ಕಟ್ಟಿತ್ತು. ಬಾಗಿಲಲ್ಲೇ ಗಂಟು ಬಿಚ್ಚಿ, ಹಣ್ಣಿನ ಬುಟ್ಟಿಯನ್ನು ಎರಡು ಕೈಯಲ್ಲಿ ಕೊಟ್ಟು, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತೋಳಿಗೆ ಸಿಕ್ಕಿಸಿಕೊಂಡು ಹೊರಟರು. ಫುರೊಶಿಕಿ. ಫುರೊ ಅಂದರೆ ಸ್ನಾನ, ಶಿಕಿ ಅಂದರೆ ಹಾಸು. ಹಿಂದಿನ ಕಾಲದಲ್ಲಿ ಸ್ನಾನದ ಮನೆಗೆ ಬಟ್ಟೆಬರೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದರಂತೆ.

ಗಂಟು ಕಲಿಸಿಕೊಡಿ ಅಂದೆ. ಅಜ್ಜಿ ನಮ್ಮ ಊಟದ ಮೇಜಿನ ಮೇಲೆ ಕಲಿಸಿದರು. ಎಡಗೈ ತುದಿಯನ್ನು ಬಲಗೈ ತುದಿಯ ಮೇಲೆ ಹಾಕಿ ಒಂದು ಸುತ್ತು. ಎರಡನೇ ಸುತ್ತಿಗೆ ಈಗ ಬಲಗಡೆ ಇರುವ ಅದೇ ತುದಿ ಮತ್ತೆ ಮೇಲೆ ಬರಬೇಕು. ನಾನು ಎರಡು ಸಲವೂ ಎಡದ್ದನ್ನೇ ಮೇಲೆ ಹಾಕಿದ್ದೆ, ಗಂಟಿನ ಕಿವಿಗಳು ಮೇಲೆ ಕೆಳಗೆ ಸೆಟೆದು ನಿಂತವು. ಅಜ್ಜಿ ತಲೆ ಅಲ್ಲಾಡಿಸಿದರು. ಸರಿಯಾಗಿ ಹಾಕಿದರೆ ಕಿವಿಗಳು ಅಡ್ಡಡ್ಡ ಮಲಗುತ್ತವೆ. ಬಿಚ್ಚುವಾಗ ಒಂದು ಕಿವಿಯನ್ನು ಹಿಂದಕ್ಕೆ ನೇರವಾಗಿ ಎಳೆದು, ಗಂಟನ್ನು ಹಿಡಿದು ಜಾರಿಸಿದರೆ ಸಾಕು, ಸುಯ್ ಅಂತ ಬಂದುಬಿಡುತ್ತದೆ. ಎಷ್ಟು ಭಾರ ಹೊತ್ತರೂ ಕಗ್ಗಂಟಾಗುವುದಿಲ್ಲ. ಅವತ್ತು ರಾತ್ರಿ ಹೆಂಡತಿಯ ಹಳೇ ದುಪಟ್ಟಾದಲ್ಲಿ ನಲವತ್ತು ಸಲ ಕಟ್ಟಿ ಬಿಚ್ಚಿದ್ದೇನೆ. ಅವಸರದ ಕೈ ಅಲ್ವಾ.

ಹಣ್ಣು ತಿಂದು ಮುಗಿಸಿ ಅಜ್ಜಿಯ ಬುಟ್ಟಿ ವಾಪಸ್ ಕೊಡುವಾಗ ನನ್ನ ಹೆಂಡತಿ ನಾಲ್ಕು ಚಕ್ಕುಲಿ ಹಾಕಿದಳು. ಖಾಲಿ ಪಾತ್ರೆ ವಾಪಸ್ ಕೊಡಬಾರದು, ಒಂದು ಚಮಚ ಸಕ್ಕರೆಯಾದರೂ ಹಾಕಬೇಕು ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ. ಅಜ್ಜಿ ಬುಟ್ಟಿ ನೋಡಿ, "ಓ, ಒ-ಉತ್ಸುರಿ!" ಅಂದರು. ಹಳೇ ಪದವಂತೆ. ಬಂದ ಪಾತ್ರೆಯಲ್ಲೋ ಬಟ್ಟೆಯಲ್ಲೋ ಒಂದಿಷ್ಟು ಕಾಗದ, ಒಂದು ಬೆಂಕಿಪೊಟ್ಟಣ, ಏನೋ ಇಟ್ಟು ಕಳಿಸುವ ಪದ್ಧತಿ. ಅವರ ಸೊಸೆಗೇ ಅದು ಗೊತ್ತಿಲ್ಲವಂತೆ. ನಮ್ಮ ಕಡೆಯ ಸೊಸೆಯಂದಿರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಆ ವರ್ಷ ಸಂಕ್ರಾಂತಿಗೆ ನಾವು ಎಳ್ಳು ಬೆಲ್ಲವನ್ನು ಜಿಪ್ ಕವರಿಗೆ ಹಾಕಬಾರದು ಅಂತ ಠರಾವು ಮಾಡಿದೆವು. ಮಗಳು ಶಾಲೆಯಲ್ಲಿ ಒರಿಗಾಮಿ ಕಲಿತಿದ್ದಳು. ಅಂಟಿಲ್ಲದೆ, ಕತ್ತರಿಯಿಲ್ಲದೆ, ಬರೀ ಮಡಿಕೆಯಲ್ಲೇ ಒಂದು ಚೌಕದ ಡಬ್ಬಿ. ಹೆಸರು ಮಾಸು. ಮಾಸು ಅಂದರೆ ಹಿಂದೆ ಅಕ್ಕಿ ಅಳೆಯುತ್ತಿದ್ದ ಮರದ ಪೆಟ್ಟಿಗೆ, ಅಂದರೆ ನಮ್ಮ ಸೇರು, ಪಾವು ಇದ್ದ ಹಾಗೆ. ಒರಿಗಾಮಿಗೆ ಮಾಮೂಲಿಯಾಗಿ ಸಿಗುವ 15 ಸೆಂಟಿಮೀಟರ್ ಹಾಳೆಯಲ್ಲಿ ಮಾಡಿದರೆ ಡಬ್ಬಿ 5 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ ಬರುತ್ತದೆ, ಎತ್ತರ ಅದರ ಅರ್ಧ. ಒಂದು ಹಿಡಿ ಎಳ್ಳು ಬೆಲ್ಲಕ್ಕೆ ಹೇಳಿ ಮಾಡಿಸಿದಂತಿದೆ. ಮೂವರೂ ಕೂತು ನಲವತ್ತು ಡಬ್ಬಿ ಮಡಿಸಿದೆವು. ಮುಚ್ಚಳಕ್ಕೆ ಅರ್ಧ ಸೆಂಟಿಮೀಟರ್ ದೊಡ್ಡ ಹಾಳೆ. ರಾತ್ರಿ ತುಂಬಿಸಿಟ್ಟು ಮಲಗಿದೆವು.

ಬೆಳಿಗ್ಗೆ ನೋಡಿದರೆ ನಲವತ್ತು ಡಬ್ಬಿಯ ತಳವೂ ಎಣ್ಣೆ ಕುಡಿದು ಪಾರದರ್ಶಕವಾಗಿತ್ತು. ತಿಪಟೂರಿನವನಾಗಿ ಕೊಬ್ಬರಿ ಎಣ್ಣೆ ಬಿಡುತ್ತದೆ ಅನ್ನುವುದನ್ನು ಮರೆತಿದ್ದೆ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ನಿಮ್ಮಪ್ಪ ಬೆಲ್ಲಕ್ಕೆ ಒಳಗೊಂದು ಎಲೆ ಇಡ್ತಿರಲಿಲ್ವೇನೋ? ಕಣ್ಣಲ್ಲಿ ಏನ್ ನೋಡ್ತಿದ್ದೆ ಅಲ್ಲಿ ಕೂತ್ಕೊಂಡು?" ಅಂದರು. ಹೌದು, ಮುತ್ತುಗದ ಎಲೆ ಇಡುತ್ತಿದ್ದರು. ಇಲ್ಲಿ ಮುತ್ತುಗ ಎಲ್ಲಿ ತರಲಿ? ಓವನ್ನಿಗೆ ಹಾಸುವ ಎಣ್ಣೆ ಹೀರದ ಕಾಗದವನ್ನು ಚೌಕ ಕತ್ತರಿಸಿ ಒಳಗಿಟ್ಟೆವು. ಆಮೇಲಿಂದ ತಾಪತ್ರಯವಿಲ್ಲ.

ಆ ಡಬ್ಬಿಗಳನ್ನು ಮೂರು ಮೂರು ಸೇರಿಸಿ ಬಟ್ಟೆಯಲ್ಲಿ ಕಟ್ಟೋಣ ಅಂದುಕೊಂಡಾಗ ಲೆಕ್ಕ ಶುರುವಾಯಿತು. ಅಂಗಡಿಯವನ ಮಗ ನಾನು, ಲೆಕ್ಕ ಬಿಡುತ್ತೇನೆಯೇ? ಟೋಕಿಯೋದ ನಿಪ್ಪೋರಿ ಅನ್ನೋ ಕಡೆ ಒಂದಿಡೀ ಬೀದಿ ಬಟ್ಟೆ ಅಂಗಡಿಗಳೇ, ನಮ್ಮ ಚಿಕ್ಕಪೇಟೆಯ ಹಾಗೆ, ಗಲಾಟೆಯೊಂದಿಲ್ಲ ಅಷ್ಟೆ. ಕಾಟನ್ ಬಟ್ಟೆ ಸಾಮಾನ್ಯವಾಗಿ 110 ಸೆಂಟಿಮೀಟರ್ ಪನ್ನ ಇರುತ್ತದೆ. ಒಂದು ಮೀಟರ್ ತಂದರೆ 50ರ ಚೌಕ ನಾಲ್ಕು, ಜೊತೆಗೆ ಉದ್ದಕ್ಕೆ 10 ಸೆಂಟಿಮೀಟರಿನ ಒಂದು ಪಟ್ಟಿ ಮಿಗುತ್ತದೆ. ಅಂಚು ಮಡಿಸಿ ಹೊಲಿದರೆ 48 ಉಳಿಯುತ್ತದೆ, ಸಣ್ಣ ಡಬ್ಬಿಗೆ ಸಾಕು. ಬಾಟಲಿಗೆ 70 ಬೇಕು. ಮಿಕ್ಕ ಪಟ್ಟಿಯೂ ದಂಡವಾಗಲಿಲ್ಲ. ಅದರಿಂದ ಮಗಳು ಕಿನ್ಚಾಕು ಹೊಲಿದಳು. ಬಾಯಿಗೆ ದಾರ ಪೋಣಿಸಿ ಎಳೆದರೆ ಮುಚ್ಚುವ ಪುಟ್ಟ ಚೀಲ. ಅಮ್ಮ ವಿಡಿಯೋದಲ್ಲಿ ನೋಡಿ, "ಇದು ಸಂಚಿ ಅಲ್ವೇನೇ!" ಅಂದರು. ನಮ್ಮಜ್ಜಿಯ ಸೊಂಟದಲ್ಲಿದ್ದ ಎಲೆ ಅಡಿಕೆ ಸಂಚಿ. ಮೈಸೂರಿನ ಅರಮನೆಯಲ್ಲಿ ತಾಂಬೂಲದ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಕವಯಿತ್ರಿಯಾದಳು, ಸಂಚಿ ಹೊನ್ನಮ್ಮ ಅಂತಲೇ ಹೆಸರಾಯಿತು. ಒಂದು ಬಟ್ಟೆ ಚೀಲ ಮನುಷ್ಯರ ಹೆಸರಿಗೆ ಸೇರಿಕೊಂಡಿದ್ದ ನಾಡು ನಮ್ಮದು. ಮಗಳಿಗೆ ಮಾತ್ರ ಕಿನ್ಚಾಕು ಮೊದಲು ಗೊತ್ತಾಯಿತು, ಸಂಚಿ ಆಮೇಲೆ. ತಪ್ಪು ಅವಳದ್ದಲ್ಲ.

ಆಗ ಹೊಳೆದದ್ದೇ ನನ್ನ ವಾದ. ಬೀರುವಿನಲ್ಲಿ ಕೊಳೆಯುತ್ತಿರೋ ಬ್ಲೌಸ್ ಪೀಸನ್ನು ಉಡುಗೊರೆಯ ಜೊತೆ ಯಾಕೆ ಕೊಡಬೇಕು? ಉಡುಗೊರೆಯನ್ನು ಅದರಲ್ಲೇ ಕಟ್ಟಿ ಕೊಡಿ. ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು ಒಳಗೆ, ಮೇಲೊಂದು ಅಡ್ಡ ಮಲಗಿದ ಗಂಟು. ಹೊಳೆಯುವ ಚೀಲ ಬೇಡ, ಕಾಗದ ಬೇಡ. ರವಿಕೆ ಹೊಲಿಸುವವರು ಹೊಲಿಸಲಿ, ಇಲ್ಲದವರು ಮುಂದಿನ ಹಬ್ಬಕ್ಕೆ ಅದರಲ್ಲೇ ಇನ್ನೊಬ್ಬರಿಗೆ ಕಟ್ಟಿಕೊಡಲಿ. ಹೇಗೂ ಊರು ಸುತ್ತುವ ಬಟ್ಟೆ, ಕೆಲಸ ಮಾಡಿಕೊಂಡು ಸುತ್ತಲಿ ಬಿಡಿ. ಒಂದೇ ಷರತ್ತು, ಕಾಟನ್ ಆಗಿರಬೇಕು. ಪಾಲಿಯೆಸ್ಟರ್ ಜಾರುತ್ತದೆ, ಗಂಟು ನಿಲ್ಲುವುದಿಲ್ಲ. ಇಪ್ಪತ್ತು ರೂಪಾಯಿ ಉಳಿಸಲು ಹೋಗಿ ತೆಂಗಿನಕಾಯಿ ಕಾಲ ಮೇಲೆ ಬೀಳಿಸಿಕೊಳ್ಳಬೇಡಿ.

ಇದನ್ನು ಇಲ್ಲಿನ ಕನ್ನಡಿಗರ ಮುಂದೆ ಹೇಳಿದಾಗ ಒಬ್ಬರು, "ಕಟ್ಟಿದ ಬಟ್ಟೆಯನ್ನೇ ಬಾಗಿನ ಅಂತ ಕೊಟ್ಟರೆ ಶಾಸ್ತ್ರಕ್ಕೆ ಬರುತ್ತಾ ಸಾರ್?" ಅಂತ ಕೇಳಿದರು. ಹಬ್ಬದ ಬಾಗಿನಕ್ಕೆ ಮೊರವೇ ಇರಲಿ, ಅದರ ತಂಟೆಗೆ ನಾನು ಹೋಗುವುದಿಲ್ಲ. ನನ್ನ ತಕರಾರು ಮದುವೆಯ ಚೀಲದ ಜೊತೆ, ಗೃಹಪ್ರವೇಶದ ರಿಟರ್ನ್ ಗಿಫ್ಟಿನ ಜೊತೆ. ಜಪಾನಿನವರ ಹಾಗೆ ಬಟ್ಟೆಯನ್ನು ಬಿಚ್ಚಿ ವಾಪಸ್ ತರುವುದೂ ನನಗೆ ಒಗ್ಗಲಿಲ್ಲ. ಕೊಟ್ಟ ಬಟ್ಟೆಯನ್ನು ಬಾಗಿಲಲ್ಲೇ ಕಿತ್ತುಕೊಂಡು ಬಂದ ಹಾಗಾಗುತ್ತದೆ. ಗಂಟು ಅವರದ್ದು ಕಲಿತೆ, ಬಟ್ಟೆ ಬಿಟ್ಟುಬರುವುದು ನಮ್ಮದೇ ಇರಲಿ ಅಂತ ಇಟ್ಟುಕೊಂಡಿದ್ದೇನೆ.

ಈ ಸಂಕ್ರಾಂತಿಗೆ ಹದಿನಾರು ಗಂಟು ಹೋದವು. ಏಳು ಬಟ್ಟೆ ತಾವಾಗಿಯೇ ವಾಪಸ್ ಬಂದಿವೆ. ಒಂದರಲ್ಲಿ ಕೋಡುಬಳೆ ಇತ್ತು, ಒಂದರಲ್ಲಿ ಪುಟ್ಟ ಮಗು ಬರೆದ ಆನೆಯ ಚಿತ್ರ. ಇನ್ನೊಂದು ಬಟ್ಟೆಯನ್ನು ಯಾರದೋ ಮನೆಯ ಗೊಂಬೆ ಸೀರೆಯಾಗಿ ಉಟ್ಟುಕೊಂಡಿರುವ ಫೋಟೋ ಬಂದಿದೆ, ಅದು ವಾಪಸ್ ಬರುವ ಆಸೆ ಬಿಟ್ಟಿದ್ದೇವೆ. ಎದುರು ಮನೆ ಅಜ್ಜಿಗೆ ಕೊಟ್ಟದ್ದು ಇಸ್ತ್ರಿ ಮಾಡಿಸಿಕೊಂಡು ಬಂತು. ಬಿಚ್ಚಿದರೆ ಒಳಗೊಂದು ಬೆಂಕಿಪೊಟ್ಟಣ.